ಹೆಬ್ಬೇವು ನೆಡುವ ಮುಂಚೆ: ಸಸಿ, ಅಂತರ, ಸವರುವಿಕೆ, ಮರ ಮಾರುವ ಅಳತೆ

ಶಿರಾ_ಕೆಂಪುಮಣ್ಣು
ಎಲ್ಲರಿಗೂ ನಮಸ್ಕಾರ. ಮೂರು ಎಕರೆ ಕೆಂಪು ಮಣ್ಣು, ನೀರು ನಿಲ್ಲುವ ಜಾಗವಲ್ಲ. ಮೊದಲು ನೀಲಗಿರಿ ಇತ್ತು, ಬೊಡ್ಡೆ ಕೀಳಿಸಿ ಆಗಿದೆ. ಬೋರ್‌ನಲ್ಲಿ ಒಂದೂವರೆ ಇಂಚು ನೀರು, ಡ್ರಿಪ್ ಎಳೆಯಬಹುದು. ಈ ಮುಂಗಾರಿಗೆ ಪ್ಲೈವುಡ್‌ಗೆಂದು ಹೆಬ್ಬೇವು ಹಾಕುವ ಯೋಚನೆ. ಸಸಿ ಮಾರುವವರಲ್ಲಿ ಒಬ್ಬರು 8 ಅಡಿ ಅಂತರ ಅನ್ನುತ್ತಾರೆ, ಇನ್ನೊಬ್ಬರು 10, ಮತ್ತೊಬ್ಬರು 15. ಅಂತರ ಎಷ್ಟಿರಬೇಕು, ಸಸಿ ಹೇಗಿರಬೇಕು, ಪ್ಲೈವುಡ್‌ನವರು ಎಂಥ ಮರ ಕೊಳ್ಳುತ್ತಾರೆ, ಯಾವ ಲೆಕ್ಕದಲ್ಲಿ ಕೊಳ್ಳುತ್ತಾರೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸಿಪ್ಪೆಲೇತು
ನಿಮ್ಮ ಕೊನೆಯ ಪ್ರಶ್ನೆಯೇ ಮೊದಲಿನದಾಗಬೇಕು ಸರ್. ಯಾರಿಗೆ ಮಾರುತ್ತೀರಿ ಅನ್ನುವುದು ಗೊತ್ತಾದರೆ ಅಂತರ ತಾನಾಗಿ ಗೊತ್ತಾಗುತ್ತದೆ.

ಪ್ಲೈವುಡ್ ಗಿರಣಿಯಲ್ಲಿ ದಿಮ್ಮಿಯನ್ನು ಲೇತಿನಲ್ಲಿ ತಿರುಗಿಸಿ ಉದ್ದನೆಯ ಸಿಪ್ಪೆಯಾಗಿ ಎಬ್ಬಿಸುತ್ತಾರೆ. ಅದೇ ವಿನೀರ್. ದಿಮ್ಮಿ ಸೊಟ್ಟಗಿದ್ದರೆ ಮೊದಲ ಸುತ್ತುಗಳೆಲ್ಲ ತುಂಡು ತುಂಡಾಗಿ ಬಂದು ಸೌದೆಗೆ ಹೋಗುತ್ತವೆ. ಗಂಟಿದ್ದರೆ ಅಲ್ಲಿ ಸಿಪ್ಪೆ ಹರಿಯುತ್ತದೆ, ಒಣಗಿದ ಮೇಲೆ ಗಂಟು ಉದುರಿ ತೂತು ಬೀಳುತ್ತದೆ.

ಇನ್ನು ದಪ್ಪದ ಲೆಕ್ಕ. ಸುತ್ತಳತೆ 24 ಇಂಚಿನ ದಿಮ್ಮಿಗೆ ವ್ಯಾಸ ಏಳೂವರೆ ಇಂಚಿಗೆ ಸ್ವಲ್ಪ ಹೆಚ್ಚು. ಹಳೆಯ ಮಾದರಿಯ, ಎರಡು ತುದಿ ಕಚ್ಚಿ ತಿರುಗಿಸುವ ಲೇತು ನಡುವೆ 5 ಇಂಚಿನ ಬೊಂಬು, ಅಂದರೆ ಸುಲಿಯಲಾಗದ ನಡುಭಾಗ, ಉಳಿಸಿದರೆ ದಿಮ್ಮಿಯ ಶೇಕಡಾ 43ರಷ್ಟು ಸಿಪ್ಪೆಯೇ ಆಗಲಿಲ್ಲ ಎಂದರ್ಥ. ಅದೇ ಲೇತಿಗೆ 36 ಇಂಚು ಸುತ್ತಳತೆಯದು ಕೊಟ್ಟರೆ ಉಳಿಯುವ ಬೊಂಬು ಶೇಕಡಾ 19 ಮಾತ್ರ. ಈಗ ಸಣ್ಣ ಗಿರಣಿಗಳಲ್ಲೂ ತುದಿ ಕಚ್ಚುವ ಸ್ಪಿಂಡಲ್ ಇಲ್ಲದ ಲೇತು ಬಂದಿದೆ, ಎರಡು ಇಂಚಿನವರೆಗೂ ಸುಲಿಯುತ್ತದೆ. ಆದರೂ ದಪ್ಪ ದಿಮ್ಮಿಗೆ ಟನ್ನಿಗೆ ಹೆಚ್ಚು ದರ, ಸಣ್ಣದಕ್ಕೆ ಕಡಿಮೆ. ದರವನ್ನು ಸುತ್ತಳತೆಯ ಪ್ರಕಾರ ದರ್ಜೆ ಮಾಡಿಯೇ ಹೇಳುತ್ತಾರೆ, ಆ ದರ್ಜೆ ಗಿರಣಿಯಿಂದ ಗಿರಣಿಗೆ ಬದಲಾಗುತ್ತದೆ. ನೆಡುವ ಮೊದಲೇ ಹತ್ತಿರದ ಎರಡು ಗಿರಣಿಗೆ ಹೋಗಿ ಅವರ ದರ್ಜೆಪಟ್ಟಿ ಬರೆದುಕೊಂಡು ಬನ್ನಿ. ಇವತ್ತಿನ ದರ ಮರ ಕಡಿಯುವ ಏಳೆಂಟು ವರ್ಷದ ಹೊತ್ತಿಗೆ ಉಳಿಯುವುದಿಲ್ಲ, ದಪ್ಪ ದಿಮ್ಮಿಗೂ ಸಣ್ಣದಕ್ಕೂ ಇರುವ ದರದ ಅಂತರ ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ.

ದೂರವನ್ನೂ ಕೇಳಿಕೊಳ್ಳಿ. ಹಸಿ ಮರದಲ್ಲಿ ನೀರಿನ ಭಾರವೇ ಬಹಳ. ಲಾರಿ ಬಾಡಿಗೆ, ಕಡಿತ, ಹೇರುವ ಕೂಲಿ ಎಲ್ಲವನ್ನೂ ಗಿರಣಿಯವರು ದರದಲ್ಲೇ ಮುರಿಯುತ್ತಾರೆ.

ಹೊಸಕೋಟೆ_ನರ್ಸರಿ
ಸಸಿಯ ವಿಷಯ ನಾನು ಹೇಳುತ್ತೇನೆ. ಮೊದಲಿಗೆ, ತರುತ್ತಿರುವುದು ಹೆಬ್ಬೇವೇ ಅನ್ನುವುದು ಖಾತ್ರಿಯಾಗಬೇಕು. ಮೀಲಿಯಾ ಕುಲದಲ್ಲಿ ನಮ್ಮ ಕಡೆ ಎರಡು ಸಿಗುತ್ತವೆ: ಮೀಲಿಯಾ ಡೂಬಿಯಾ ಅಂದರೆ ಹೆಬ್ಬೇವು, ಮೀಲಿಯಾ ಅಜೆಡರಾಕ್ ಅಂದರೆ ಹುಚ್ಚುಬೇವು. ಮಹಾಗನಿ, ಗಂಧಗರಿಗೆ, ಮಾಮೂಲಿ ಬೇವು ಎಲ್ಲವೂ ಇದೇ ಮೀಲಿಯೇಸಿ ಕುಟುಂಬದವು. ಕೆಲವು ಸಸ್ಯಶಾಸ್ತ್ರಜ್ಞರು ಹೆಬ್ಬೇವು, ಹುಚ್ಚುಬೇವು ಎರಡನ್ನೂ ಒಂದೇ ಪ್ರಭೇದ ಎಂದು ಎಣಿಸುತ್ತಾರೆ. ಪ್ಲೈವುಡ್‌ಗೆ ಬೆಳೆಯುವವರಿಗೆ ಮಾತ್ರ ವ್ಯತ್ಯಾಸ ದೊಡ್ಡದು. ಹುಚ್ಚುಬೇವು ಬೇಗ ಕವಲೊಡೆದು ಕೊಡೆಯಾಗುತ್ತದೆ, ಹೆಬ್ಬೇವು ಒಂದೇ ಕಾಂಡವಾಗಿ ನೆಟ್ಟಗೆ ಏರುತ್ತದೆ.

ಗುರುತು ಹೀಗೆ. ಮಾಮೂಲಿ ಬೇವಿನ ಎಲೆಯಲ್ಲಿ ಒಂದೇ ದಿಂಡು, ಅದರ ಎರಡೂ ಬದಿ ಕಿರುಎಲೆ. ಮೀಲಿಯಾದಲ್ಲಿ ದಿಂಡು ಮತ್ತೆ ಕವಲಾಗಿ ಎರಡು ಮೂರು ಹಂತದಲ್ಲಿ ಕಿರುಎಲೆ ಬರುತ್ತದೆ. ಹುಚ್ಚುಬೇವಿನ ಹೂ ನೇರಳೆ ಬಣ್ಣದ್ದು, ಹಣ್ಣು ಹಳದಿ, ದುಂಡಗೆ, ಒಂದು ಒಂದೂವರೆ ಸೆಂಟಿಮೀಟರ್, ಎಲೆ ಉದುರಿದ ಮೇಲೂ ಗೊಂಚಲಾಗಿ ನೇತಾಡುತ್ತಿರುತ್ತದೆ. ಹೆಬ್ಬೇವಿನ ಹಣ್ಣು ಅದರ ದುಪ್ಪಟ್ಟು ದೊಡ್ಡದು, ಉದ್ದುದ್ದ, ಹಸಿರು ಮಿಶ್ರಿತ ಹಳದಿ.

ಬೀಜದಿಂದ ಮಾಡುವವರಿಗೆ ಇದು ತಾಳ್ಮೆ ಕೇಳುವ ಕೆಲಸ. ಹಣ್ಣಿನೊಳಗಿನ ಓಟೆ ಕಲ್ಲಿನಂತೆ ಗಟ್ಟಿ, ಒಳಗೆ ಹಲವು ಕೋಣೆ, ಕೋಣೆಗೊಂದು ಬೀಜ. ನೂರು ಓಟೆ ಹಾಕಿದರೆ ಇಪ್ಪತ್ತೈದು ಮೊಳೆತರೆ ಒಳ್ಳೆಯ ಮಡಿ ಅನ್ನಬೇಕು. ಜನವರಿ, ಫೆಬ್ರವರಿಯಲ್ಲಿ ಮಾಗಿ ಬಿದ್ದ ಹಣ್ಣು ಆಯ್ದು, ರಾತ್ರಿ ನೆನೆಸಿ, ಮರಳು ಸೇರಿಸಿ ಗೋಣಿಚೀಲದ ಮೇಲೆ ಉಜ್ಜಿ ತಿರುಳು ತೆಗೆಯಿರಿ. ನೀರಿನಲ್ಲಿ ತೇಲುವ ಓಟೆ ಬಿಸಾಡಿ. ಮುಳುಗಿದ್ದನ್ನು ಬಿಸಿಲಲ್ಲಿ ಒಣಗಿಸಿ, ಸಗಣಿ ಬಗ್ಗಡದಲ್ಲಿ ಒಂದು ವಾರ ನೆನೆಯಿಟ್ಟು ತೊಳೆಯಿರಿ. 4 ಅಡಿ ಅಗಲ, ಅರ್ಧ ಅಡಿ ಎತ್ತರದ ಮರಳು ಮಿಶ್ರಿತ ಮಡಿಯಲ್ಲಿ ಸಾಲಾಗಿ, ಒಂದು ಇಂಚು ಆಳಕ್ಕೆ ಹಾಕಿ. ಇಲ್ಲೇ ಹೆಚ್ಚಿನವರು ಕೆಡಿಸಿಕೊಳ್ಳುವುದು: ಮಡಿಗೆ ನೆರಳುಬಲೆ ಕಟ್ಟುತ್ತಾರೆ. ಹೆಬ್ಬೇವಿಗೆ ಮಡಿ ಬಿಸಿಯಾಗಬೇಕು, ಬಯಲಲ್ಲೇ ಇರಬೇಕು. ದಿನಕ್ಕೆ ಎರಡು ಸಲ ನೀರು. ಮೊಳಕೆ ಒಮ್ಮೆಲೇ ಬರುವುದಿಲ್ಲ, ಮೂರು ತಿಂಗಳವರೆಗೂ ಒಂದೊಂದಾಗಿ ಏಳುತ್ತಿರುತ್ತದೆ. ಒಂದೇ ಓಟೆಯಿಂದ ಎರಡು ಮೂರು ಸಸಿ ಬಂದರೆ ಬೇರು ಹರಿಯದಂತೆ ಬಿಡಿಸಿ ಬೇರೆ ಬೇರೆ ಚೀಲಕ್ಕೆ ಹಾಕಿ.

ಇದೇ ಕುಲದ ಮೀಲಿಯಾ ವೋಲ್ಕೆನ್ಸೈ ಕೆನ್ಯಾದ ಒಣಭೂಮಿಯ ಮರ. ಅಲ್ಲಿಯವರಿಗೂ ಓಟೆಯದೇ ಕಾಟ. ಅವರು ಒಂದೊಂದು ಓಟೆಯನ್ನೂ ಕತ್ತಿಯಿಟ್ಟು ಬಡಿದು ಸೀಳಿ, ಬೀಜವನ್ನು ಹೊರತೆಗೆದು, ತುದಿ ಚಿವುಟಿ, ನೆನೆಸಿ, ಸಿಪ್ಪೆ ಸೀಳಿ ಬಿತ್ತುತ್ತಾರೆ. ಸಣ್ಣ ಪ್ರಮಾಣಕ್ಕೆ ಆ ಕ್ರಮ ಇಲ್ಲೂ ನಡೆಯುತ್ತದೆ, ಸಾವಿರಗಟ್ಟಲೆ ಸಸಿಗೆ ಕೂಲಿ ಹೊರೆಯಾಗುತ್ತದೆ.

ಕೊಳ್ಳುವ ಸಸಿ ಎರಡರಿಂದ ಮೂರು ಅಡಿ ಎತ್ತರ, ಬುಡ ಪೆನ್ಸಿಲ್ ದಪ್ಪ, ಸುಳಿ ಜೀವಂತ, ವಯಸ್ಸು ಆರು ತಿಂಗಳೊಳಗೆ. ಹತ್ತು ಚೀಲಕ್ಕೆ ಒಂದನ್ನು ಹರಿದು ನೋಡಿ. ತಾಯಿಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಆ ಲಾಟು ಬೇಡ. ಅಂಥ ಸಸಿ ಎರಡು ವರ್ಷ ಚೆನ್ನಾಗಿಯೇ ಕಾಣುತ್ತದೆ, ಮೂರನೇ ಮಳೆಗಾಲದ ಗಾಳಿಗೆ ಬುಡಸಮೇತ ವಾಲುತ್ತದೆ.

ಶಿರಾ_ಕೆಂಪುಮಣ್ಣು
ಬಹಳ ಉಪಕಾರ ಮೇಡಂ. ಅಂಗಾಂಶ ಕೃಷಿ ಸಸಿ, ಕಡ್ಡಿ ಸಸಿ (ಕೊಂಬೆಯ ತುಂಡು ನೆಟ್ಟು ಮಾಡಿದ್ದು) ಅಂತ ಹೆಚ್ಚು ಬೆಲೆಗೆ ಮಾರುತ್ತಿದ್ದಾರೆ. ತಗೊಳ್ಳಬಹುದೇ?

ಹೊಸಕೋಟೆ_ನರ್ಸರಿ
ಯಾವ ತಾಯಿಮರದಿಂದ ತೆಗೆದದ್ದು ಎಂದು ಹೇಳಬಲ್ಲವರಾದರೆ ತಗೊಳ್ಳಿ. ಆಯ್ದ ತಾಯಿಮರದ ಕಡ್ಡಿ ಸಸಿಯಲ್ಲಿ ಬೆಳವಣಿಗೆ ಒಂದೇ ಸಮ ಇರುತ್ತದೆ, ಬೀಜದ ಸಸಿಯಲ್ಲಿ ಹೆಚ್ಚು ಕಡಿಮೆ ಆಗುತ್ತದೆ. ತಾಯಿಮರ ಯಾವುದೋ ಗೊತ್ತಿಲ್ಲ, ಕಡ್ಡಿ ಮಾತ್ರ ನೆಟ್ಟಿದ್ದಾರೆ ಅಂದರೆ ಹೆಚ್ಚಿನ ಬೆಲೆಗೆ ಅರ್ಥವಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ತಮಿಳುನಾಡಿನ ಮೆಟ್ಟುಪಾಳ್ಯದಲ್ಲಿ ಅರಣ್ಯ ಕಾಲೇಜು ಇದೆ. ಎರಡು ಕಡೆಯೂ ಹೆಬ್ಬೇವಿನ ಮೇಲೆ ಕೆಲಸ ನಡೆದಿದೆ, ಕೇಳಿ ನೋಡಿ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಕಡಿಮೆ ಬೆಲೆಗೂ ಸಿಗುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿ ತಂದರೆ ಬದುಕಿ ಉಳಿದ ಸಸಿಗೆ ಮೂರು ವರ್ಷ ಕಂತಿನಲ್ಲಿ ಪ್ರೋತ್ಸಾಹಧನವೂ ಬರುತ್ತದೆ. ಸಸಿ ಕೊಂಡ ರಸೀದಿ, ಪಹಣಿ ಜೋಪಾನವಾಗಿಡಿ.

ಸಿಪ್ಪೆಲೇತು
ಅಂತರಕ್ಕೆ ಬರೋಣ. ಎಕರೆಗೆ 43,560 ಚದರ ಅಡಿ. 8×8ಕ್ಕೆ 680 ಗಿಡ, 10×10ಕ್ಕೆ 435, 12×12ಕ್ಕೆ 302, 15×15ಕ್ಕೆ 193. ಸಸಿ ಮಾರುವವರಿಗೆ 680 ಇಷ್ಟ, ಅದು ಸಹಜ. 8×8ರಲ್ಲಿ ಮೂರನೇ ವರ್ಷಕ್ಕೆ ನೆತ್ತಿಗಳು ಕೂಡಿಕೊಂಡು ಬಿಸಿಲಿಗೆ ಪೈಪೋಟಿ ಬೀಳುತ್ತದೆ. ಮರ ಎತ್ತರಕ್ಕೆ ಓಡುತ್ತದೆ, ದಪ್ಪ ನಿಲ್ಲುತ್ತದೆ. ಕಾಗದದ ಪಲ್ಪ್‌ಗೆ, ಪ್ಯಾಕಿಂಗ್ ಪೆಟ್ಟಿಗೆಗೆ, ಬೆಂಕಿಕಡ್ಡಿಗೆ ಅಷ್ಟು ಸಾಕು. ಲೇತಿಗೆ ಸಾಲದು.

ನಿಮ್ಮ ನೀರಿಗೆ, ಮಣ್ಣಿಗೆ ನನ್ನ ಸಲಹೆ 10×10 ನೆಟ್ಟು, ನಾಲ್ಕನೇ ವರ್ಷಕ್ಕೆ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಸಾಲು ಬಿಟ್ಟು ಒಂದು ಸಾಲು ತೆಗೆಯುವುದು. ಎಕರೆಗೆ 217 ಉಳಿಯುತ್ತವೆ, ಮರದಿಂದ ಮರಕ್ಕೆ ಸುಮಾರು 14 ಅಡಿ ಸಿಗುತ್ತದೆ. ತೆಗೆದ ಮರ ಖರ್ಚು ಹಿಂತಿರುಗಿಸುತ್ತದೆ, ಉಳಿದದ್ದು ದಪ್ಪವಾಗುತ್ತದೆ. ತೆಗೆಯುವಾಗ ಸೊಟ್ಟ, ಕವಲು, ರೋಗದ ಮರ ಯಾವ ಸಾಲಿನಲ್ಲಿದ್ದರೂ ಅದೇ ಮೊದಲು ಹೋಗಲಿ. ನಾಲ್ಕನೇ ವರ್ಷ ಹಸಿರು ನೋಡಿ ಮನಸ್ಸು ಬರದೆ ಬಿಡುವವರಿದ್ದಾರೆ. ಅಂಥವರು ಮೊದಲೇ 12×15 ನೆಡುವುದು ಒಳ್ಳೆಯದು.

ಗದಗ_ಎರಿಹೊಲ
ಸರ, ನಮ್ಮದು ಎರಿ ಹೊಲ. ಮಳಿಗಾಲದಾಗ ಎರಡು ಮೂರು ದಿನ ನೀರ ನಿಂದರತಾವು. ಇದರಾಗ ಹೆಬ್ಬೇವು ಬರತೈತೇನ್ರಿ? ಬದುವಿನ ಮ್ಯಾಲೆ ಹಚ್ಚಿದ್ರ ನಡೀತೈತೇನು?

ಶಿವಮೊಗ್ಗ_ಮರಗೆಲಸ
ಇಡೀ ಹೊಲಕ್ಕೆ ಬೇಡ ಅಣ್ಣಾ. ನೀರು ನಿಂತ ಕಡೆ ಹೆಬ್ಬೇವಿನ ಬೇರು ಕೊಳೆಯುತ್ತದೆ. ಮೊದಲು ಕೆಳಗಿನ ಎಲೆ ಹಳದಿಯಾಗುತ್ತದೆ, ನೀರು ಸಾಲದೆ ಹೀಗಾಯಿತೆಂದು ಇನ್ನಷ್ಟು ನೀರು ಬಿಟ್ಟರೆ ಸುಳಿಯೇ ಒಣಗುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುವಾಗ ಸಣ್ಣ ಬೇರನ್ನೂ ಹರಿಯುತ್ತದೆ. ಬದುವಿನ ಮೇಲೆ ನಡೆಯುತ್ತದೆ, ಬದು ಹೊಲದಿಂದ ಎರಡು ಅಡಿಯಾದರೂ ಎತ್ತರ ಇರಬೇಕು, ಪಕ್ಕದಲ್ಲಿ ನೀರು ಹರಿದುಹೋಗುವ ಕಾಲುವೆ ಇರಬೇಕು. ಗಿಡದಿಂದ ಗಿಡಕ್ಕೆ 10 ಅಡಿ. ಬೇರು ಬೆಳೆಯ ಕಡೆಗೆ ಹರಿದು ಜೋಳ, ಕಡಲೆಯ ತೇವ ಕುಡಿಯುತ್ತದೆ. ಮೂರನೇ ವರ್ಷದಿಂದ ಬದುವಿಗೆ ನಾಲ್ಕೈದು ಅಡಿ ದೂರದಲ್ಲಿ ಎರಡು ಅಡಿ ಆಳದ ಕಂದಕ ಹೊಡೆಯಿಸಿ, ವರ್ಷಕ್ಕೊಮ್ಮೆ ಹೂಳು ತೆಗೆಯಿಸಿ.

ಗದಗ_ಎರಿಹೊಲ
ಚಲೋ ಆತ್ರಿ, ಬದುವಿಗಷ್ಟೇ ಹಚ್ಚತೀವಿ. ಎಲಿ ಕುರಿ ತಿಂತಾವೇನು?

ಶಿವಮೊಗ್ಗ_ಮರಗೆಲಸ
ಹೆಬ್ಬೇವಿನ ಎಲೆ ಕುರಿ, ಮೇಕೆ ಇಷ್ಟಪಟ್ಟು ತಿನ್ನುತ್ತವೆ. ಅದಕ್ಕೇ ಮೊದಲ ಎರಡು ವರ್ಷ ಬೇಲಿ ಬೇಕು. ಸುಳಿ ಕಡಿದರೆ ಕಾಂಡದ ಕಥೆ ಮುಗಿಯಿತು. ಆದರೆ ಹುಚ್ಚುಬೇವಿನ ಹಣ್ಣು ವಿಷ. ಅದರಲ್ಲಿರುವ ಮೀಲಿಯಾಟಾಕ್ಸಿನ್ ಹಂದಿಗಳನ್ನು ಕೊಂದ ಉದಾಹರಣೆಗಳಿವೆ, ಮಕ್ಕಳಿಗೂ ಅಪಾಯ. ಶಾಲೆ, ಅಂಗನವಾಡಿ ಅಂಗಳದಲ್ಲಿ ಅದನ್ನು ನೆಡಬೇಡಿ. ಯುಗಾದಿ ಹೊತ್ತಿಗೆ ಅದೂ ಹೂ ಬಿಡುತ್ತದೆ, ಪೇಟೆಯಲ್ಲಿ ಬೆಳೆದವರಿಗೆ ಗುರುತು ಸಿಗದೆ ಕೊಯ್ದುಬಿಡಬಹುದು. ಬೇವು ಬೆಲ್ಲಕ್ಕೆ ಬಿಳಿ ಹೂವಿನ ಮಾಮೂಲಿ ಬೇವು ಮಾತ್ರ, ನೇರಳೆ ಹೂ ಬೇಡವೇ ಬೇಡ. ಬೇವಿನೆಣ್ಣೆಯಲ್ಲಿ ಕೀಟ ತಡೆಯುವ ಅಜಾಡಿರಾಕ್ಟಿನ್ ಬರುವುದೂ ಮಾಮೂಲಿ ಬೇವಿನ ಬೀಜದಿಂದ. ಹೆಬ್ಬೇವಿನ ಓಟೆ ಅರೆದು ಅದೇ ಕೆಲಸ ಬಯಸಬೇಡಿ.

ತುಮಕೂರು_ಗಂಧದತೋಟ
ನೆಡುವ ಕ್ರಮ ಯಾರೂ ಬರೆದಿಲ್ಲ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಡಿ. ನೀಲಗಿರಿ ಇದ್ದ ಜಾಗವಾದ್ದರಿಂದ ಉಳಿದ ಬೇರಿನಲ್ಲಿ ಗೆದ್ದಲು ಇದ್ದೇ ಇರುತ್ತದೆ, ಬೇರನ್ನು ಆದಷ್ಟು ಆರಿಸಿ ತೆಗೆಸಿ. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 5 ಕಿಲೋ, ಬೇವಿನ ಹಿಂಡಿ 200 ಗ್ರಾಂ ಬೆರೆಸಿ ತುಂಬಿ. ಕಳಿಯದ ಗೊಬ್ಬರ ಹಾಕಿದರೆ ಗೆದ್ದಲನ್ನು ಕರೆದು ಕೂರಿಸಿದ ಹಾಗೆ. ಜೂನ್, ಜುಲೈನಲ್ಲಿ ಎರಡು ಒಳ್ಳೆಯ ಮಳೆ ಬಿದ್ದು ನೆಲ ನೆಂದ ಮೇಲೆ ನೆಡಿ. ಬುಡದ ಮಣ್ಣು ನೆಲಮಟ್ಟಕ್ಕಿಂತ ಸ್ವಲ್ಪ ಉಬ್ಬಿರಲಿ. ಆಸರೆ ಕೋಲಿಗೆ ಬಟ್ಟೆಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಪ್ಲಾಸ್ಟಿಕ್ ದಾರ ಕಟ್ಟಿದರೆ ಕಾಂಡ ದಪ್ಪವಾದಂತೆ ಕೊರೆದು ಅಲ್ಲೇ ಮುರಿಯುತ್ತದೆ.

ನೀರು ಮೊದಲ ಬೇಸಿಗೆಗೆ ವಾರಕ್ಕೆ ಎರಡು ಸಲ, ಗಿಡಕ್ಕೆ 15 ಲೀಟರ್ ಸಾಕು. ದಿನಾ ಸ್ವಲ್ಪ ಸ್ವಲ್ಪ ಬಿಡುವುದಕ್ಕಿಂತ ಇದು ಮೇಲು. ದಿನಾ ತೇವ ಸಿಕ್ಕರೆ ಬೇರು ಮೇಲ್ಪದರದಲ್ಲೇ ಉಳಿಯುತ್ತದೆ, ಕಾಂಡ ಸರಸರನೆ ಏರುತ್ತದೆ, ಎಳೆಯ ಮರ ಮೃದುವಾದ್ದರಿಂದ ಗಾಳಿಗೆ ನಡುವೆ ಮುರಿಯುತ್ತದೆ. ಎರಡನೇ ವರ್ಷ ಡ್ರಿಪ್ಪರನ್ನು ಬುಡದಿಂದ ಎರಡು ಅಡಿ ಆಚೆಗೆ ಸರಿಸಿ.

ಮೊದಲ ಎರಡು ವರ್ಷ ನಡುವೆ ರಾಗಿ, ಶೇಂಗಾ, ಅಲಸಂದೆ ಹಾಕಬಹುದು. ಟ್ರಾಕ್ಟರ್ ಹೊಡೆಯುವಾಗ ಬುಡದಿಂದ ಎರಡೂವರೆ ಅಡಿ ಬಿಡಿ.

ಶಿರಾ_ಕೆಂಪುಮಣ್ಣು
ಸರ್, ನಿಮ್ಮ ಹೆಸರಿನಲ್ಲಿ ಗಂಧದ ತೋಟ ಇದೆ. ಶ್ರೀಗಂಧದ ಜೊತೆ ಹೆಬ್ಬೇವು ಆಸರೆ ಗಿಡವಾಗಿ ಒಳ್ಳೆಯದು ಅನ್ನುತ್ತಾರಲ್ಲ?

ತುಮಕೂರು_ಗಂಧದತೋಟ
ಶ್ರೀಗಂಧದ ಬೇರು ಹೆಬ್ಬೇವಿನ ಬೇರಿಗೆ ಕಚ್ಚಿಕೊಂಡು ಆಹಾರ ತೆಗೆಯುತ್ತದೆ, ಅದು ಸರಿ. ತೊಂದರೆ ಎರಡು. ಹೆಬ್ಬೇವಿನ ಓಟಕ್ಕೆ ಶ್ರೀಗಂಧ ಸರಿಸಾಟಿಯಲ್ಲ, ಎರಡನೇ ವರ್ಷಕ್ಕೇ ಪೂರ್ತಿ ನೆರಳಿಗೆ ಬಿದ್ದು ಸೊರಗುತ್ತದೆ. ಮತ್ತೆ ಹೆಬ್ಬೇವು ಕಡಿಯುವುದು ಏಳೆಂಟು ವರ್ಷಕ್ಕೆ, ಶ್ರೀಗಂಧಕ್ಕೆ ಚೇಗು (ಕಾಂಡದ ನಡುವಿನ ಬಲಿತ ಮರ) ಕಟ್ಟಲು ಅದರ ದುಪ್ಪಟ್ಟಾದರೂ ಕಾಲ ಬೇಕು. ನಲವತ್ತು ಅಡಿ ಮರ ಉರುಳಿಸುವಾಗ ಪಕ್ಕದ ಗಂಧದ ಗಿಡ ಉಳಿಯುವುದು ಕಷ್ಟ, ಆಸರೆಯೂ ಆ ಹೊತ್ತಿಗೆ ತಪ್ಪುತ್ತದೆ. ಮಾಡಲೇಬೇಕಾದರೆ ಗಂಧದ ಬುಡಕ್ಕೆ ತೊಗರಿ, ಅಗಸೆಯಂಥ ಸಣ್ಣ ಆಸರೆ ಕೊಟ್ಟು, ಹೆಬ್ಬೇವನ್ನು ಉತ್ತರದ ಅಂಚಿಗೆ ಬೇರೆ ಸಾಲಾಗಿ ಹಾಕಿ. ನಿಮ್ಮದು ಪ್ಲೈವುಡ್ ಗುರಿಯಾದರೆ ಎರಡನ್ನೂ ಒಂದೇ ತಾಕಿನಲ್ಲಿ ಬೆರೆಸಬೇಡಿ ಅನ್ನುವುದೇ ನನ್ನ ಮಾತು.

ಸಿಪ್ಪೆಲೇತು
ಸವರುವಿಕೆ ಬಗ್ಗೆ ಒತ್ತಿ ಹೇಳಬೇಕು. ಹೆಬ್ಬೇವಿನ ಬೆಲೆ ನಿರ್ಧಾರವಾಗುವುದು ಮೊದಲ ಹದಿನೆಂಟು ತಿಂಗಳಲ್ಲಿ. ಎಲೆಕಂಕುಳಲ್ಲಿ ಬರುವ ಚಿಗುರನ್ನು ಹೆಬ್ಬೆರಳುದ್ದ ಇರುವಾಗಲೇ ಕೈಯಲ್ಲಿ ಚಿವುಟಿಬಿಟ್ಟರೆ ಗಂಟೇ ಇರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಸುತ್ತು ಹಾಕಬೇಕು. ಚಿಗುರು ಕೊಂಬೆಯಾದ ಮೇಲೆ ಮಚ್ಚು ಬೀಸಿದರೆ ತೊಗಟೆ ಸಿಗಿದು ಕೆಳಗಿನವರೆಗೆ ಇಳಿಯುತ್ತದೆ, ಆ ಗಾಯದೊಳಗೆ ಕೊಳೆ ಸೇರುತ್ತದೆ. ಗರಗಸದಿಂದ ಕಾಂಡಕ್ಕೆ ಒತ್ತಾಗಿ, ಆದರೆ ಕೊಂಬೆಯ ಬುಡದ ಉಬ್ಬನ್ನು ಉಳಿಸಿ ಕೊಯ್ಯಿರಿ. ಒಂದು ಇಂಚಿಗಿಂತ ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್. ಜಡಿಮಳೆಯಲ್ಲಿ ಸವರಬೇಡಿ.

ಗುರಿ 24 ಅಡಿ ನಯವಾದ ಕಾಂಡ, ಅಂದರೆ 8 ಅಡಿಯ ಮೂರು ದಿಮ್ಮಿ. ಹಾಗೆಂದು ಎಲ್ಲ ಸವರಿ ನೆತ್ತಿಯಲ್ಲಿ ಜುಟ್ಟು ಮಾತ್ರ ಬಿಡಬಾರದು. ಮರದ ಎತ್ತರದ ಮೂರನೇ ಒಂದು ಭಾಗ ಎಲೆ ಇರಲೇಬೇಕು, ಇಲ್ಲದಿದ್ದರೆ ದಪ್ಪವಾಗುವುದಕ್ಕೆ ಆಹಾರ ಎಲ್ಲಿಂದ?

ಸುಳಿ ಮುರಿದು ಕವಲಾದ ಎಳೆಯ ಗಿಡವನ್ನು ಹಾಗೇ ಸಾಕಬೇಡಿ. ಮುಂದಿನ ಮುಂಗಾರಿಗೆ ನೆಲದಿಂದ ಅರ್ಧ ಅಡಿಗೆ ಕತ್ತರಿಸಿ, ಬರುವ ಚಿಗುರಿನಲ್ಲಿ ಗಟ್ಟಿಯಾದ ಒಂದನ್ನೇ ಉಳಿಸಿ. ಬೇರು ಬಲಿತಿರುವುದರಿಂದ ನೆಟ್ಟಗೆ ಏರಿ ಪಕ್ಕದವುಗಳ ಸಮಕ್ಕೆ ಬರುತ್ತದೆ.

ಹಾಸನ_ಮನೆಕಟ್ಟು
ಒಂದು ಪ್ರಶ್ನೆ. ಸೊಟ್ಟ ಮರ, ಗಿರಣಿ ಬೇಡವೆಂದ ಮರ ಹಲಗೆ ಮಾಡಿಸಿ ಬಾಗಿಲು, ಕಿಟಕಿಗೆ ಬಳಸಬಹುದೇ? ಸಾಗುವಾನಿಗೆ ಸಮ ಅನ್ನುವವರಿದ್ದಾರೆ.

ಶಿವಮೊಗ್ಗ_ಮರಗೆಲಸ
ಸಮ ಅಲ್ಲವೇ ಅಲ್ಲ. ಹಗುರ ಮರ, ಕೊಯ್ಯಲು ಸುಲಭ, ಚೇಗು ತಿಳಿ ಗುಲಾಬಿ, ಪಾಲಿಶ್ ಚೆನ್ನಾಗಿ ಕೂರುತ್ತದೆ. ಆದರೆ ಚೇಗಿನ ಸುತ್ತಲಿನ ಬಿಳಿ ಭಾಗಕ್ಕೆ ಹಿಟ್ಟು ಉದುರಿಸುವ ಕೊರಕ ಹುಳು, ಗೆದ್ದಲು ಎರಡೂ ಬೀಳುತ್ತವೆ. ಮಳೆ ತಾಗುವ ಬಾಗಿಲು, ಕಿಟಕಿ ಚೌಕಟ್ಟಿಗೆ ಬೇಡ. ಒಳಗಿನ ಕಪಾಟು, ಮಂಚದ ಹಲಗೆ, ಅಟ್ಟಕ್ಕೆ ಉಪಚಾರ ಮಾಡಿ ಬಳಸಬಹುದು.

ಉಪಚಾರ ಹಸಿಯಿರುವಾಗಲೇ ಆಗಬೇಕು. 95 ಲೀಟರ್ ನೀರಿಗೆ ಬೋರಿಕ್ ಆಸಿಡ್ 2 ಕಿಲೋ, ಬೋರಾಕ್ಸ್ 3 ಕಿಲೋ. ಬಿಸಿನೀರಿನಲ್ಲಿ ಬೇಗ ಕರಗುತ್ತದೆ. ಒಂದು ಇಂಚಿನ ಹಸಿ ಹಲಗೆಯನ್ನು ತೇಲದಂತೆ ಭಾರವಿಟ್ಟು ನಾಲ್ಕು ದಿನ ಮುಳುಗಿಸಿ. ತೆಗೆದು ಒಂದರ ಮೇಲೊಂದು ಒತ್ತಾಗಿ ಪೇರಿಸಿ ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿ ಎರಡು ವಾರ ಬಿಡಿ, ಮೇಲ್ಮೈಯ ಲವಣ ತೇವದ ಮೂಲಕ ಒಳಕ್ಕೆ ಇಳಿಯುತ್ತದೆ. ಆಮೇಲೆ ಒಂದು ಇಂಚಿನ ಪಟ್ಟಿ ನಡುವೆ ಇಟ್ಟು ನೆರಳಲ್ಲಿ, ಗಾಳಿಯಾಡುವಂತೆ ಒಣಗಿಸಿ. ಪಟ್ಟಿಗಳು ಒಂದರ ನೇರಕ್ಕೆ ಒಂದು ಬರದಿದ್ದರೆ ಹಲಗೆ ಬಾಗುತ್ತದೆ. ಒಣಗಿದ ಹಲಗೆಗೆ ಇದನ್ನು ಬಳಿದರೆ ಮೇಲ್ಮೈ ದಾಟುವುದಿಲ್ಲ. ಮಳೆಗೆ ಈ ಲವಣ ತೊಳೆದು ಹೋಗುತ್ತದೆ, ಹೊರಗೆ ಬೇಡ ಅಂದಿದ್ದು ಅದಕ್ಕೇ.

ಶಿರಾ_ಕೆಂಪುಮಣ್ಣು
ಅಳತೆಯೊಂದು ಬಾಕಿ. ಘನ ಅಡಿಗೆ ಕೇಳುವವರು ಹೇಗೆ ಲೆಕ್ಕ ಹಾಕುತ್ತಾರೆ?

ಸಿಪ್ಪೆಲೇತು
ಕಾಲು ಸುತ್ತಳತೆಯ ಲೆಕ್ಕ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿ. 36 ಇಂಚು, 8 ಅಡಿಗೆ: 9×9×8÷144 = 4.5 ಘನ ಅಡಿ. ಅದರ ಮೇಲಿನ ದಿಮ್ಮಿ 31 ಇಂಚಾದರೆ 3.34, ಮೂರನೆಯದು 26 ಇಂಚಾದರೆ 2.35. ಮರಕ್ಕೆ ಒಟ್ಟು 10 ಘನ ಅಡಿ ಚಿಲ್ಲರೆ. ಈ ಕ್ರಮದಲ್ಲಿ ನಿಜವಾದ ಗಾತ್ರದ ಶೇಕಡಾ 78.5 ಮಾತ್ರ ಲೆಕ್ಕಕ್ಕೆ ಬರುತ್ತದೆ, ಮೊದಲ ದಿಮ್ಮಿಯ ನಿಜ ಗಾತ್ರ 5.7 ಘನ ಅಡಿ. ದರ ಮಾತಾಡುವಾಗ ಕಾಲು ಸುತ್ತಳತೆಯೋ ಪೂರ್ತಿ ಗಾತ್ರವೋ, ತೊಗಟೆಯ ಮೇಲಿನ ಅಳತೆಯೋ ಸುಲಿದ ಮೇಲಿನದೋ ಎಂದು ಬರೆಸಿಕೊಳ್ಳಿ. ಬುಡದಲ್ಲೊಂದು ಎದೆಮಟ್ಟದಲ್ಲೊಂದು ಟೇಪು ಹಿಡಿದು ನಿಂತ ಮರಕ್ಕೆ ಸಗಟು ಬೆಲೆ ಕಟ್ಟುವವರಿಗೆ ಕೊಡಬೇಡಿ.

ತೂಕಕ್ಕೆ ಮಾರುವುದಾದರೆ ಕಡಿದ ದಿನವೇ ಲಾರಿ ಹೊರಡಲಿ. ಬಿದ್ದ ದಿಮ್ಮಿ ದಿನವೂ ನೀರು ಕಳೆದುಕೊಳ್ಳುತ್ತದೆ, ಬಿಸಿಲಿಗೆ ತುದಿ ಬಿರಿಯುತ್ತದೆ, ಸೆಕೆಗಾಲದಲ್ಲಿ ನೀಲಿ ಕಲೆ ಬೇಗ ಹತ್ತುತ್ತದೆ. ತಡವಾಗುವುದಾದರೆ ಎರಡೂ ತುದಿಗೆ ಹಳೆಯ ಎಣ್ಣೆಬಣ್ಣ ಬಳಿದು ನೆರಳಿಗೆ ಹಾಕಿ. 8 ಅಡಿ ಅಂದರೆ ಮೂರ್ನಾಲ್ಕು ಇಂಚು ಹೆಚ್ಚು ಬಿಟ್ಟು ಕೊಯ್ಯಬೇಕು, ತುದಿ ಸಮಮಾಡಿದ ಮೇಲೆ ಎಂಟಕ್ಕಿಂತ ಕಡಿಮೆಯಾದರೆ 4 ಅಡಿ ದಿಮ್ಮಿಯ ದರಕ್ಕೆ ಇಳಿಯುತ್ತದೆ. ಉದ್ದದಲ್ಲಿ ಸೊಟ್ಟ ಇರುವ ಕಡೆ ನಾವೇ 4 ಅಡಿಗೆ ತುಂಡು ಮಾಡುವುದು ಲಾಭ, ಡೊಂಕು ಎರಡು ತುಂಡಿನಲ್ಲಿ ಹಂಚಿಹೋಗುತ್ತದೆ.

ಹೊಸಕೋಟೆ_ನರ್ಸರಿ
ಕಡಿಯುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕಡಿತಕ್ಕೂ ಸಾಗಾಟಕ್ಕೂ ಏನು ಕಾಗದ ಬೇಕೆಂದು ಕೇಳಿ. ಮರಗಳನ್ನು ಪಹಣಿಯಲ್ಲಿ ನೆಟ್ಟ ವರ್ಷವೇ ನಮೂದು ಮಾಡಿಸಿದ್ದರೆ ಆಗ ಓಡಾಟ ಕಡಿಮೆ.

ಕಡಿದ ಮೇಲೆ ಬೊಡ್ಡೆ ಕೀಳಿಸಲು ಅವಸರ ಬೇಡ, ಹೆಬ್ಬೇವು ಮತ್ತೆ ಚಿಗುರುತ್ತದೆ. ನೆಲದಿಂದ ಅರ್ಧ ಅಡಿ ಬಿಟ್ಟು, ಮಳೆನೀರು ಜಾರುವಂತೆ ಓರೆಯಾಗಿ, ತೊಗಟೆ ಕೀಳದಂತೆ ಯಂತ್ರದ ಗರಗಸದಲ್ಲಿ ಕೊಯ್ಯಿಸಿ. ಚಿಗುರು ಎರಡು ಅಡಿ ಬಂದಾಗ ಬುಡದ ಹತ್ತಿರದ್ದು ಎರಡನ್ನು ಉಳಿಸಿ, ಗಾಳಿಗಾಲ ಕಳೆದ ಮೇಲೆ ಒಂದನ್ನು ತೆಗೆಯಿರಿ. ಬೊಡ್ಡೆಯ ಮೇಲಂಚಿನಲ್ಲಿ ಬಂದ ಚಿಗುರು ಎಷ್ಟೇ ಪುಷ್ಟಿಯಾಗಿದ್ದರೂ ಬೇಡ, ಕೊಳೆತ ಬೊಡ್ಡೆಯಿಂದ ಸಿಗಿದು ಬೀಳುತ್ತದೆ.